ಧಾರವಾಡದಿಂದ ಮರಳುವ ದಾರಿ

ಉತ್ತರ ಕರ್ನಾಟಕದ ಯಾವ ಊರಿನ ಕಟ್ಟೆಯ ಮೇಲೆ ಕೂತರೂ ಒಂದಲ್ಲ ಒಂದು ಹೊತ್ತಿನಲ್ಲಿ ಈ ಮಾತು ಕಿವಿಗೆ ಬೀಳುತ್ತದೆ: ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ.’ ಅದು ವಿಶ್ವವಿದ್ಯಾಲಯದ ಧಾರವಾಡವೂ ಅಲ್ಲ, ಪೇಡೆಯ ಧಾರವಾಡವೂ ಅಲ್ಲ ಎಂದು ಕೇಳಿದವರಿಗೆಲ್ಲ ಗೊತ್ತು. ಬೆಂಗಳೂರಿನವರು ಅದೇ ಮಾತಿಗೆ ನಿಮ್ಹಾನ್ಸ್ ಹೆಸರು ಸೇರಿಸುತ್ತಾರೆ. ಚೆನ್ನೈನಲ್ಲಿ ಕೀಳ್ಪಾಕ್ಕಂ, ಹೈದರಾಬಾದಿನಲ್ಲಿ ಎರ್ರಗಡ್ಡ, ಮುಂಬಯಿಯಲ್ಲಿ ಠಾಣೆ, ಪುಣೆಯಲ್ಲಿ ಯೆರವಾಡ, ದಿಲ್ಲಿಯ ಕಡೆ ಆಗ್ರಾ. ಊರು ಬದಲಾದ ಕನ್ನಡಿಗರು ಮನೆ ಹುಡುಕುವ ಮೊದಲೇ ಕಲಿಯುವ ಸ್ಥಳನಾಮಗಳಲ್ಲಿ ಇದೂ ಒಂದು.

ಈ ತಮಾಷೆಯಲ್ಲಿ ಸುಮಾರು ನೂರೈವತ್ತು ವರ್ಷಗಳ ಇತಿಹಾಸ ಅಡಗಿದೆ. ಬುದ್ಧಿ ಕೆಟ್ಟವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಇಷ್ಟು ಕಾಲ ಸಿಕ್ಕ ಉತ್ತರ, ಬೇರೊಂದು ಊರಿನ ಎತ್ತರದ ಗೋಡೆಯ ಕಟ್ಟಡ. ಎಲ್ಲ ಭಾಷೆಗಳ ಆವೃತ್ತಿಯಲ್ಲೂ ಮಾತು ‘ಕಳಿಸುವುದರಲ್ಲಿ’ ಮುಗಿಯುತ್ತದೆ. ಹೋದವರು ಮರಳಿ ಬಂದರೆ ಏನು ಮಾಡಬೇಕೆಂದು ಯಾವ ಕಟ್ಟೆಯ ಮೇಲೂ ಯಾರೂ ಹೇಳುವುದಿಲ್ಲ. ಆ ಮರಳುವ ದಾರಿಯನ್ನು ಕಟ್ಟುವ ಕೆಲಸ ಈ ದೇಶದಲ್ಲಿ ಯಾವಾಗ ಶುರುವಾಯಿತು, ಯಾರು ಶುರುಮಾಡಿದರು ಎಂದು ಹುಡುಕಿಕೊಂಡು ಹೋದರೆ ಕರ್ನಾಟಕದ ಕೆಲವು ಹಳ್ಳಿಗಳೂ ಒಂದು ಇಡೀ ಜಿಲ್ಲೆಯೂ ಎದುರಾಗುತ್ತವೆ.

ಬೆಂಗಳೂರಿನ ಹುಚ್ಚಾಸ್ಪತ್ರೆ ಹತ್ತೊಂಬತ್ತನೇ ಶತಮಾನದ ನಡುಭಾಗದ್ದು. 1925ರಲ್ಲಿ ಅದಕ್ಕೆ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೊಸ ಹೆಸರು ಬಂತು. 1930ರ ದಶಕದಲ್ಲಿ ಅದು ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಹೋಯಿತು. ಮೈಸೂರು ಸಂಸ್ಥಾನ ಆ ಕಾಲಕ್ಕೆ ಉಳಿದವರಿಗಿಂತ ಮುಂದಿತ್ತು. ಬ್ರಿಟಿಷ್ ಭಾರತದ ಸ್ಥಿತಿ ಹಾಗಿರಲಿಲ್ಲ. ಸ್ವಾತಂತ್ರ್ಯದ ಹಿಂದಿನ ವರ್ಷ, 1946ರಲ್ಲಿ, ಭೋರ್ ಸಮಿತಿ ಲೆಕ್ಕ ಹಾಕಿದಾಗ ನಲವತ್ತು ಕೋಟಿ ಜನರ ದೇಶಕ್ಕೆ ಇದ್ದ ಮಾನಸಿಕ ಆಸ್ಪತ್ರೆಯ ಹಾಸಿಗೆಗಳು ಸುಮಾರು 10 ಸಾವಿರ. ಆ ಸಮಿತಿಗಾಗಿ 19 ಆಸ್ಪತ್ರೆಗಳನ್ನು ಸುತ್ತಿ ನೋಡಿದ ಕರ್ನಲ್ ಮೂರ್ ಟೇಲರ್‌ಗೆ ಅವುಗಳಲ್ಲಿ ಬಹಳಷ್ಟು ಚಿಕಿತ್ಸೆಗಿಂತ ಕೂಡಿಹಾಕುವುದಕ್ಕೇ ಕಟ್ಟಿದಂತೆ ಕಂಡವು. ಕಾನೂನೂ ಅದಕ್ಕೆ ತಕ್ಕಂತೆಯೇ ಇತ್ತು. 1912ರ ಲೂನಸಿ ಕಾಯ್ದೆಯ ಪ್ರಕಾರ ಒಳಗೆ ಹೋಗಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಆ ಕಾಯ್ದೆ ತೆರವಾಗಿ ಹೊಸದು ಜಾರಿಗೆ ಬಂದದ್ದು 1993ರಲ್ಲಿ. ಅಷ್ಟರೊಳಗೆ ಮನುಷ್ಯ ಚಂದ್ರನ ಮೇಲೆ ಓಡಾಡಿ ಬಂದು ಇಪ್ಪತ್ತು ವರ್ಷ ದಾಟಿತ್ತು.

ಗೋಡೆಯಲ್ಲಿ ಮೊದಲ ಬಿರುಕು ಮೂಡಿದ್ದು ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ರೋಗಿಗಳ ಜೊತೆಗೆ ಅವರ ಮನೆಯವರನ್ನೂ ಕರೆಸಿಕೊಂಡು ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿ ಉಳಿಸಿಕೊಂಡರು. ಜಾಗ ಕಡಿಮೆ, ಸಿಬ್ಬಂದಿ ಕಡಿಮೆ. ದೊಡ್ಡ ಸಿದ್ಧಾಂತಕ್ಕಿಂತ ಆ ಅಭಾವವೇ ಡೇರೆಗಳಿಗೆ ದಾರಿ ಮಾಡಿತೆನ್ನಬೇಕು. ಫಲ ಮಾತ್ರ ದೊಡ್ಡದಾಗಿತ್ತು. ತಾಯಿಯೋ ಅಣ್ಣನೋ ಪಕ್ಕದಲ್ಲೇ ಇದ್ದು ರೋಗಿ ದಿನದಿನಕ್ಕೂ ಚೇತರಿಸಿಕೊಳ್ಳುವುದನ್ನು ಕಣ್ಣಾರೆ ಕಂಡರು. ಸಂಜೆ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಮನೆಗೆ ಕರೆದುಕೊಂಡು ಹೋಗಿ ಎಂದಾಗ ಆ ಮನೆಯವರಿಗೆ ಏನು ಮಾಡಬೇಕೆಂದು ಗೊತ್ತಿತ್ತು. 1957ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಶುರುಮಾಡಿದ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರು ಜೊತೆಗಿರುವ ಪದ್ಧತಿಯನ್ನೇ ಹಿಡಿಯಿತು. ಪಶ್ಚಿಮದ ದೇಶಗಳಲ್ಲಿ ಆಗ ಮನೆಯವರನ್ನು ಭೇಟಿಯ ಸಮಯದಲ್ಲಷ್ಟೇ ಒಳಗೆ ಬಿಡುವುದು ರೂಢಿ.

ಆದರೆ ಡೇರೆ ಹಾಕಿದರೂ ಆಸ್ಪತ್ರೆಯ ತನಕ ಬಂದವರಿಗಷ್ಟೇ ಅದರ ನೆರಳು. ಬಾರದವರು ಊರಲ್ಲಿ ಏನು ಮಾಡುತ್ತಿದ್ದಾರೆ ಎಂದು ಹೋಗಿ ನೋಡಿದ ಕೆಲಸ ನಡೆದದ್ದು ಕರಾವಳಿಯ ಕೋಟದಲ್ಲಿ.

ಕೋಟ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಶಿವರಾಮ ಕಾರಂತರ ಹುಟ್ಟೂರು. ಮನೋವೈದ್ಯರ ಜಗತ್ತಿಗೆ ಆ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆಗ ತರುಣರಾಗಿದ್ದ ಡಾ. ಆರ್. ಎಲ್. ಕಪೂರ್ ಅಲ್ಲಿ ಬ್ರಾಹ್ಮಣರು, ಬಂಟರು ಮತ್ತು ಮೀನುಗಾರ ಮೊಗೇರರ ಮನೆಮನೆಗೆ ಹೋಗಿ ಮಾನಸಿಕ ಕಾಯಿಲೆಯ ಸಮೀಕ್ಷೆ ಮಾಡಿದರು. ಅವರ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಕಪೂರ್ ಊರಿನ ಕಾಯಿಲೆಯನ್ನಷ್ಟೇ ಅಲ್ಲ, ಊರಿನ ವೈದ್ಯಕೀಯವನ್ನೂ ಗಮನಿಸಿದರು. ನಾಡಿ ಹಿಡಿಯುವ ವೈದ್ಯ, ಮಂತ್ರವಾದಿ, ಮೈಮೇಲೆ ಬರುವ ಪಾತ್ರಿ, ಹತ್ತಿರದ ಇಂಗ್ಲಿಷ್ ಮದ್ದಿನ ಡಾಕ್ಟರು, ಇವರೆಲ್ಲರ ಬಳಿಗೂ ಜನ ಹೋಗುತ್ತಿದ್ದರು. ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲ; ಒಟ್ಟೊಟ್ಟಿಗೇ. ಓದಿದವರು ಡಾಕ್ಟರ ಕಡೆಗೆ, ಓದದವರು ಪಾತ್ರಿಯ ಕಡೆಗೆ ಎಂಬ ಪಟ್ಟಣದವರ ಎಣಿಕೆ ಅಲ್ಲಿ ನಿಲ್ಲಲಿಲ್ಲ. ಸಹಾಯ ಹುಡುಕಿಕೊಂಡು ಊರಿನ ಜನ ನಡೆಯುತ್ತಲೇ ಇದ್ದರು. ಅವರು ನಡೆಯುವ ದಾರಿಯಲ್ಲಿ ಮನೋವೈದ್ಯ ಮಾತ್ರ ಎಲ್ಲೂ ಇರಲಿಲ್ಲ.

1974ರ ಕೊನೆಯಲ್ಲಿ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯೂ ಅದೇ ಆವರಣದಲ್ಲಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮರುವರ್ಷ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾದಾಗ ಅದರ ಹೊಣೆ ಹೊತ್ತವರು ಇದೇ ಕಪೂರ್. ಬನ್ನೇರುಘಟ್ಟದ ಕಡೆಯ ಸಕಲವಾರ ಎಂಬ ಹಳ್ಳಿಯಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಉದ್ದೇಶ ಸರಳವಾಗಿತ್ತು. ಮನೋವೈದ್ಯರ ಸಂಖ್ಯೆ ಹೆಚ್ಚಿಸಿ ಹಳ್ಳಿ ತಲುಪುತ್ತೇವೆಂದು ಕೂತರೆ ನೂರು ವರ್ಷ ಬೇಕು. ಅದರ ಬದಲು ಈಗಾಗಲೇ ಹಳ್ಳಿಯಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಎರಡು ವಾರ, ಮಲೇರಿಯಾ ರಕ್ತ ಪರೀಕ್ಷೆಗೂ ಕುಟುಂಬ ಯೋಜನೆಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ ತರಬೇತಿ ಕೊಟ್ಟರೆ ಸಾಲದೇ? ಇದೇ ಹೊತ್ತಿನಲ್ಲಿ ಚಂಡೀಗಢದ ಡಾ. ಎನ್. ಎನ್. ವಿಗ್ ಮತ್ತು ಅವರ ತಂಡ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇದೇ ಪ್ರಯೋಗದಲ್ಲಿ ತೊಡಗಿತ್ತು.

ತರಬೇತಿಯ ಮುಖ್ಯ ಗುಣ ಅದು ಕೈಬಿಟ್ಟ ಸಂಗತಿಗಳಲ್ಲಿತ್ತು. ಕಾರ್ಯಕರ್ತೆ ಕಾಯಿಲೆಗೆ ಹೆಸರಿಡಬೇಕಾಗಿರಲಿಲ್ಲ. ಸಂಬಂಧವಿಲ್ಲದೆ ಒಬ್ಬರೇ ಮಾತಾಡಿಕೊಳ್ಳುವವರು, ತಿಂಗಳುಗಟ್ಟಲೆ ಮೂಲೆ ಹಿಡಿದು ಕೂತವರು, ಕೈಕಾಲು ಸೆಟೆದು ಬೀಳುವವರು, ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳು ಯಾವ ಮನೆಯಲ್ಲಿದ್ದಾರೆ ಎಂದು ಗುರುತಿಸಿ ಡಾಕ್ಟರಿಗೆ ತಿಳಿಸಿದರೆ ಆಯಿತು. ಡಾಕ್ಟರಿಗೂ ಬೆರಳೆಣಿಕೆಯಷ್ಟೇ ಔಷಧ: ಮೂರ್ಛೆಗೆ ಫೀನೋಬಾರ್ಬಿಟೋನ್, ಚಿತ್ತವಿಕಾರಕ್ಕೆ ಕ್ಲೋರ್‌ಪ್ರೊಮಜೀನ್, ಮಾತ್ರೆ ನುಂಗಲೊಲ್ಲದವರಿಗೆ ವಾರಗಟ್ಟಲೆ ಕೆಲಸ ಮಾಡುವ ಒಂದು ಇಂಜೆಕ್ಷನ್, ಖಿನ್ನತೆಗೆ ಇಮಿಪ್ರಮೀನ್. ಎಲ್ಲವೂ ಅಗ್ಗದವು. ಮೂರ್ಛೆರೋಗವನ್ನು ಈ ಪಟ್ಟಿಯಲ್ಲಿ ಸೇರಿಸಿದ್ದು ಜಾಣತನ. ಗಾಳಿ ಸೋಕಿದೆ ಎಂದು ಊರೆಲ್ಲ ನಂಬಿದ್ದ ಹುಡುಗನಿಗೆ ದಿನಕ್ಕೊಂದು ಮಾತ್ರೆಯಿಂದ ಫಿಟ್ಸ್ ನಿಂತರೆ, ಪಕ್ಕದ ಬೀದಿಯ ಮೂಲೆ ಹಿಡಿದವಳನ್ನೂ ಕರೆತರಲು ಮನೆಯವರಿಗೆ ಧೈರ್ಯ ಬರುತ್ತದೆ.

1982ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಅಭಿವೃದ್ಧಿಶೀಲ ದೇಶಗಳಲ್ಲಿ ಹೀಗೊಂದು ಕಾರ್ಯಕ್ರಮ ಮಾಡಿದ ಮೊದಲಿಗರಲ್ಲಿ ನಾವೂ ಸೇರಿದೆವು. ಆದರೆ ಒಂದೆರಡು ಆರೋಗ್ಯ ಕೇಂದ್ರಗಳಲ್ಲಿ ಮಾಡಿ ತೋರಿಸಿದ್ದು ಒಂದು ಇಡೀ ಜಿಲ್ಲೆಯಲ್ಲಿ ಸಾಧ್ಯವೇ? ಅದನ್ನು ನೋಡಲು ಆರಿಸಿಕೊಂಡದ್ದು ಬಳ್ಳಾರಿ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರ, ಆಗಿನ ಜನಸಂಖ್ಯೆ 15 ಲಕ್ಷದ ಆಸುಪಾಸು. ದೂರವಿದ್ದದ್ದೇ ಒಳ್ಳೆಯದಾಯಿತು. ಕಷ್ಟ ಬಂದಾಗಲೆಲ್ಲ ನಿಮ್ಹಾನ್ಸ್‌ನ ಜೀಪು ಓಡಿಬರುವ ಹಾಗಿರಲಿಲ್ಲ. 1985ರಿಂದ 1990ರವರೆಗೆ ಕೂಡ್ಲಿಗಿ, ಹಡಗಲಿ, ಸಿರುಗುಪ್ಪ, ಆಗ ಅದೇ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಂಥ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ, ಅಂದರೆ ಹೆರಿಗೆ, ವಾಂತಿಭೇದಿ, ಚೇಳು ಕಡಿತಗಳ ನಡುವೆಯೇ, ಮಾನಸಿಕ ಚಿಕಿತ್ಸೆಯೂ ಸೇರಿಕೊಂಡಿತು. ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯ, ಸಣ್ಣ ತಂಡ, ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಪರಿಶೀಲನೆ. ಇದರಲ್ಲಿ ದುಡಿದವರಲ್ಲಿ ಡಾ. ಮೋಹನ್ ಐಸಾಕ್, ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಸಿ. ಆರ್. ಚಂದ್ರಶೇಖರ್ ಇದ್ದರು. ಚಂದ್ರಶೇಖರ್ ಅವರ ಕಿರುಪುಸ್ತಕಗಳು ಕನ್ನಡದ ಓದುಗರಿಗೆ ಚಿರಪರಿಚಿತ. ದೆವ್ವ, ಭೂತ, ಮಾಟಗಳ ಬಗ್ಗೆ ಹಳ್ಳಿಯವರ ಜೊತೆ ಅಣಕವಿಲ್ಲದೆ ಮಾತಾಡುವುದು ಅವರಿಗೆ ಒಲಿದದ್ದು ಈ ತಿರುಗಾಟಗಳಿಂದಲೇ ಇರಬೇಕು.

ಬಳ್ಳಾರಿ ತೋರಿಸಿದ್ದಿಷ್ಟು: ಮನೋವೈದ್ಯನಲ್ಲದ ಸಾಮಾನ್ಯ ಡಾಕ್ಟರು ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿ ಅಗ್ಗದ ಔಷಧದಿಂದ ತೀವ್ರ ಮಾನಸಿಕ ಕಾಯಿಲೆಗೂ ಚಿಕಿತ್ಸೆ ಕೊಡಬಲ್ಲರು. ‘ಬಳ್ಳಾರಿ ಮಾದರಿ’ ಎಂಬ ಹೆಸರು ಹುಟ್ಟಿತು. 1996ರಲ್ಲಿ ಅದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಕೆಲವೇ ವರ್ಷಗಳಲ್ಲಿ 27ಕ್ಕೆ ಏರಿ, ಮುಂದೆ ನೂರು ದಾಟಿತು.

ಹಬ್ಬುವಾಗ ಅದರಲ್ಲಿದ್ದ ಒಂದು ಅಂಶ ದಾರಿಯಲ್ಲೇ ಉದುರಿಹೋಯಿತು. ಬಳ್ಳಾರಿಯಲ್ಲಿ ಔಷಧವೂ ಇತ್ತು, ಔಷಧಕ್ಕೆ ಬರಬೇಕಾದವರು ಬರದಿದ್ದಾಗ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳುವ ಕಾಲುಗಳೂ ಇದ್ದವು. ಮಾತ್ರೆಯನ್ನು ಪೆಟ್ಟಿಗೆಯಲ್ಲಿ ತುಂಬಿ ದೇಶದ ಯಾವ ಜಿಲ್ಲೆಗೂ ಕಳಿಸಬಹುದು. ಮನೆ ಬಾಗಿಲಿಗೆ ಹೋಗುವ ಅಭ್ಯಾಸವನ್ನು ಹಾಗೆ ಕಳಿಸಲಾಗದು. ಬಹಳ ಕಡೆ ಕಾರ್ಯಕ್ರಮ ಎಂದರೆ ಜಿಲ್ಲಾ ಆಸ್ಪತ್ರೆಯ ಒಂದು ಕೋಣೆ, ಅಲ್ಲೊಂದು ಹೊರರೋಗಿ ವಿಭಾಗ ಎಂದಷ್ಟೇ ಆಯಿತು. ಹುದ್ದೆಗಳು ಖಾಲಿ ಉಳಿದವು, ಬಂದ ಹಣ ಖರ್ಚಾಗದೆ ಮರಳಿತು. ಉತ್ತರ ಪ್ರದೇಶದಲ್ಲಿ ಇಂಥ ಕಾರ್ಯಕ್ರಮವೊಂದನ್ನು ಹತ್ತಿರದಿಂದ ನೋಡಿ ಸುಮಿತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಬರೆದ ಲೇಖನದ ಆಕ್ಷೇಪವೂ ಇದೇ: ಸಮುದಾಯದ ಹೆಸರಿನಲ್ಲಿ ಹೊರಟ ನೀತಿಯನ್ನು ಮಾತ್ರೆ ನುಂಗಿಬಿಟ್ಟಿದೆ.

ಮನೆಗೆ ಹೋಗುವವರಿಲ್ಲದ ಜಾಗವನ್ನು ಬೇರೆ ಯಾರೋ ತುಂಬುತ್ತಾರೆ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಮನೆಗಳಲ್ಲೊಂದಕ್ಕೆ ಬೆಂಕಿ ಹತ್ತಿತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಲಾಗಿತ್ತು. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದ ಮನೆಯವರನ್ನು ಅಂದು ಪತ್ರಿಕೆಗಳು ಕಲ್ಲೆದೆಯವರೆಂದು ಬೈದವು. ಬೈಯುವುದು ಸುಲಭ. ಡಾಕ್ಟರ ಹತ್ತಿರ ಹೋಗಿ, ಔಷಧ ತಪ್ಪಿ, ಮತ್ತೆ ಕೆರಳಿ, ಮತ್ತೆ ಹೋಗಿ, ಕೊನೆಗೆ ಕೈಯಲ್ಲಿದ್ದ ಹಣವೂ ಮನಸ್ಸಿನ ತ್ರಾಣವೂ ಮುಗಿದವರೇ ಅಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತಿದ್ದದ್ದು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ಆಶ್ರಯಮನೆಗಳು ಮುಚ್ಚಿದವು. ಮುಂದೆ ಗುಜರಾತಿನ ಉನಾವಾದ ದರ್ಗಾದಲ್ಲೂ, ಎರವಾಡಿಯಲ್ಲೂ ಪ್ರಾರ್ಥನೆಗೆ ಬಂದವರಿಗೆ ಅದೇ ಆವರಣದಲ್ಲಿ ಔಷಧವನ್ನೂ ಕೊಡುವ ‘ದವಾ ಔರ್ ದುವಾ’ ಶುರುವಾಯಿತು. ಜನ ಎರಡೂ ಕಡೆ ಹೋಗುತ್ತಾರೆ ಎಂದು ಕೋಟದ ಸಮೀಕ್ಷೆ ಹೇಳಿ ಆಗಲೇ ಮೂವತ್ತು ವರ್ಷ ಆಗಿತ್ತು.

ಇಷ್ಟು ಹೊತ್ತು ಒಂದು ಪದ ಈ ಕಥೆಯಲ್ಲಿ ಬಂದೇ ಇಲ್ಲ: ಕುಡಿತ. ಬಳ್ಳಾರಿಯ ಆದ್ಯತೆಯ ಪಟ್ಟಿಯಲ್ಲಿದ್ದವು ಚಿತ್ತವಿಕಾರ, ಖಿನ್ನತೆ, ಮೂರ್ಛೆ, ಬುದ್ಧಿಮಾಂದ್ಯತೆ. ಮನೆಮನೆಗೆ ಹೋದ ಕಾರ್ಯಕರ್ತೆಯ ಕಣ್ಣಿಗೆ ಕುಡುಕ ಗಂಡ ಬಿದ್ದಿರಲಾರನೇ? ಬಿದ್ದೇ ಇರುತ್ತಾನೆ. ಆದರೆ ಆತ ಬೇರೆ ಇಲಾಖೆಯ ಬಾಬತ್ತು. 1985ರಲ್ಲಿ ಮಾದಕವಸ್ತು ಕಾಯ್ದೆ ಬಂದ ಮೇಲೆ ವ್ಯಸನಮುಕ್ತಿ ಕೇಂದ್ರಗಳಿಗೆ ಹಣ ಕೊಡುವ ಕೆಲಸ ಕೇಂದ್ರದ ಕಲ್ಯಾಣ ಸಚಿವಾಲಯಕ್ಕೆ ಹೋಯಿತು. ಆರೋಗ್ಯ ಸಚಿವಾಲಯ ಕೆಲ ವರ್ಷಗಳಲ್ಲೇ ತನ್ನದೇ ವ್ಯಸನಮುಕ್ತಿ ಕಾರ್ಯಕ್ರಮವನ್ನು ಬೇರೆಯಾಗಿ ಶುರುಮಾಡಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೂರನೆಯ ಕಡತ. ಖಿನ್ನತೆಯಿಂದ ಕುಡಿಯುವವನು, ಕುಡಿದು ಖಿನ್ನನಾದವನು, ಕಿವಿಯಲ್ಲಿ ಕೇಳುವ ದನಿಗಳನ್ನು ಅಡಗಿಸಲು ಸಾರಾಯಿ ಹಾಕುವವನು ಯಾವ ಕಡತಕ್ಕೆ ಸೇರಬೇಕು ಎಂಬುದು ದಿಲ್ಲಿಯಲ್ಲಿ ಇತ್ಯರ್ಥವಾಗಲಿಲ್ಲ. ಸಾರಾಯಿಯನ್ನು ಹರಾಜು ಹಾಕಿ ವರಮಾನ ಎಣಿಸುತ್ತಿದ್ದ ಅಬಕಾರಿ ಇಲಾಖೆಯ ಕಡತ ಇವೆಲ್ಲಕ್ಕಿಂತ ದಪ್ಪವಿತ್ತು.

ಹಾಗಾಗಿ ಕುಡಿತದ ಚಿಕಿತ್ಸೆಯ ಇತಿಹಾಸ ಸರ್ಕಾರದಿಂದಲ್ಲ, ಮನೆಗಳಿಂದ ಶುರುವಾಗುತ್ತದೆ. ಚೆನ್ನೈನ ಶಾಂತಿ ರಂಗನಾಥನ್ 1979ರಲ್ಲಿ ಗಂಡನನ್ನು ಕುಡಿತಕ್ಕೆ ಕಳೆದುಕೊಂಡರು. ದೇಶದ ಹೆಸರಾಂತ ಉದ್ಯಮಿ ಕುಟುಂಬ. ಹಣವಿದ್ದೂ ಇಲ್ಲಿ ಒಂದು ಸರಿಯಾದ ಚಿಕಿತ್ಸೆಯ ಜಾಗ ಸಿಕ್ಕಿರಲಿಲ್ಲ. ಮರುವರ್ಷ ಅವರು ಸ್ಥಾಪಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಮುಂದೆ ಟಿ.ಟಿ.ಕೆ. ಆಸ್ಪತ್ರೆಯಾಗಿ ಬೆಳೆಯಿತು. ಅಲ್ಲಿ ಹೆಂಡತಿಗೂ ಚಿಕಿತ್ಸೆಯ ಭಾಗವಾಗಿ ಕೂರಲು ಜಾಗವಿತ್ತು. ಆಸ್ಪತ್ರೆಗೆ ಬರಲಾಗದವರಿಗಾಗಿ ಅದೇ ಸಂಸ್ಥೆ ಕಾವೇರಿ ಬಯಲಿನ ಮಂಜಕ್ಕುಡಿ ಎಂಬ ಹಳ್ಳಿಗೇ ಹೋಗಿ ಶಿಬಿರ ನಡೆಸಿತು. ಪುಣೆಯಲ್ಲಿ ‘ಗರ್ದ್’ ಸೇದುವ ಹುಡುಗರ ಬಗ್ಗೆ ಅನಿಲ್ ಅವಚಟ್ ಮರಾಠಿಯಲ್ಲಿ ಬರೆದದ್ದನ್ನು ಓದಿ ಪು. ಲ. ದೇಶಪಾಂಡೆ ದಂಪತಿ ದೇಣಿಗೆ ಕೊಟ್ಟರು. ಯೆರವಾಡ ಮಾನಸಿಕ ಆಸ್ಪತ್ರೆಯಲ್ಲೇ ವೈದ್ಯೆಯಾಗಿದ್ದ ಅನಿತಾ ಅವಚಟ್ 1986ರಲ್ಲಿ ಅದೇ ಆಸ್ಪತ್ರೆಯ ಆವರಣದಲ್ಲಿ ಮುಕ್ತಾಂಗಣ ತೆರೆದರು. ಪುಣೆಯವರ ತಮಾಷೆಯ ಯೆರವಾಡದಿಂದ ಜನ ತಾವಾಗಿ ಹೋಗಿ, ಗುಣವಾಗಿ, ಮತ್ತೆ ಇತರರಿಗೆ ಸಹಾಯ ಮಾಡಲು ಅಲ್ಲಿಗೇ ಬರುವ ಕಾಲ ಬಂತು.

ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಬೇರೆ ರೂಪ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಡೆಯುವುದು ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ. ಊರಿನವರೇ ಸಮಿತಿ ಮಾಡಿ ಅಕ್ಕಿ, ಬೇಳೆ, ಹಾಸಿಗೆ ಹೊಂದಿಸುತ್ತಾರೆ. ಒಂದು ವಾರದ ಮಟ್ಟಿಗೆ ಕುಡಿತ ಬಿಟ್ಟು ಕೂತವರನ್ನು ಊರೇ ನೋಡಿಕೊಳ್ಳುತ್ತದೆ. ಮನೋವೈದ್ಯರಿಗೆ ಇದರ ಬಗ್ಗೆ ಇರುವ ಅಳುಕು ನ್ಯಾಯವಾದದ್ದು. ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರನೇ ದಿನಕ್ಕೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಡಾಕ್ಟರಿಲ್ಲದೆ ಮಾಡುವ ಕೆಲಸವಲ್ಲ ಅದು. ಆದರೆ ಶಿಬಿರ ಮುಗಿದ ಮೇಲಿನ ವ್ಯವಸ್ಥೆಯಲ್ಲಿ ಈ ಶಿಬಿರಗಳು ಎಷ್ಟೋ ಆಸ್ಪತ್ರೆಗಳಿಗೆ ಪಾಠ ಹೇಳಬಲ್ಲವು. ಬಿಟ್ಟವರೆಲ್ಲ ಸೇರಿ ಊರಲ್ಲೊಂದು ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ, ಆಗಾಗ ಸೇರುತ್ತಾರೆ. ಸಭೆಗೆ ಒಬ್ಬ ಬರಲಿಲ್ಲವೆಂದರೆ ಉಳಿದವರಿಗೆ ಅವನ ಮನೆ ಗೊತ್ತು. ಬಳ್ಳಾರಿ ಮಾದರಿಯಿಂದ ಉದುರಿಹೋದ ಕಾಲುಗಳು ಇಲ್ಲಿ ಕಾಣಸಿಗುತ್ತವೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ಸಂತೋಷಪಟ್ಟರು. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ ಬಂತು, ಅದು ಕಿರಾಣಿ ಅಂಗಡಿಯ ಹಿಂಬದಿಯನ್ನೂ ಸೇರಿತು. ಚಟ ಹತ್ತಿದವರಿಗೆ ಚಿಕಿತ್ಸೆ ಎಲ್ಲಿ ಎಂಬ ಪ್ರಶ್ನೆ ನಿಷೇಧದ ಚರ್ಚೆಯಲ್ಲಿ ಹಿಂದಿನ ಸಾಲಿನಲ್ಲೇ ಉಳಿಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎನ್ನುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅದೇ ವರ್ಷ ದಿಲ್ಲಿಯ ಏಮ್ಸ್ ಮುಂದಾಳುತನದ ಸಮೀಕ್ಷೆಯೊಂದು ಹೊರಬಂತು: ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅದರಿಂದ ತೊಂದರೆಗೊಳಗಾಗಿ ಸಹಾಯ ಬೇಕಾದವರು 5 ಕೋಟಿಗೂ ಹೆಚ್ಚು. ಚಟಕ್ಕೆ ಸಿಕ್ಕವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು.

ಮನೆಗೆ ಹೋಗುವುದು ಯಾಕೆ ಬೇಕು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಮಲೆನಾಡಿನಿಂದ ಬಂದಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ನಿಮ್ಹಾನ್ಸ್ ತಂಡ ಹುಡುಕಿ, ವರ್ಷಗಟ್ಟಲೆ ಹಿಂಬಾಲಿಸಿತು. ಔಷಧ ಪಡೆದವರಲ್ಲಿ ದಿನನಿತ್ಯದ ಬದುಕಿನ ಅಶಕ್ತತೆ ಗಣನೀಯವಾಗಿ ತಗ್ಗಿತು. ಪಡೆಯದವರದು ಇದ್ದ ಹಾಗೇ ಉಳಿಯಿತು. ಅಡಿಕೆ ಸುಲಿಯಲು, ಗದ್ದೆಗೆ ಹೋಗಲು, ಮದುವೆ ಮನೆಯಲ್ಲಿ ಬಡಿಸಲು ಆಗುವುದೇ ಇಲ್ಲವೇ ಎಂಬ ವ್ಯತ್ಯಾಸ ಅದು. ಕಾಯಿಲೆಯ ಮನುಷ್ಯ ತಾನಾಗಿ ಆಸ್ಪತ್ರೆಗೆ ಬರುವುದು ಅಪರೂಪ, ಏಕೆಂದರೆ ತನಗೆ ಕಾಯಿಲೆಯಿಲ್ಲ ಎನ್ನಿಸುವುದೇ ಆ ಕಾಯಿಲೆಯ ಒಂದು ಲಕ್ಷಣ.

2014ರಿಂದ ಕರ್ನಾಟಕದಲ್ಲಿ ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. 2017ರ ಕಾನೂನು ಮಾನಸಿಕ ಚಿಕಿತ್ಸೆಯನ್ನು ಹಕ್ಕು ಎಂದು ಬರೆದಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. 2022ರ ಅಕ್ಟೋಬರ್ 10ರಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ದೇಶದ ಎಲ್ಲಿಂದ ಬೇಕಾದರೂ ಕರೆ ಮಾಡಬಹುದು. ಮಂಗಳವಾರದ ಸಾಲಿನಲ್ಲಿ ನಿಂತವರಲ್ಲಿ ರೋಗಿಗಳಿಗಿಂತ ಹೆಂಡತಿಯರು, ತಾಯಂದಿರೇ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ. ಬಸ್ಸಿನಲ್ಲಿ ಕರೆತರಲು ಒಪ್ಪದವನ ಹಳೆಯ ಚೀಟಿ ಹಿಡಿದು, ಒಂದು ತಿಂಗಳ ಮಾತ್ರೆ ಇಸಿದುಕೊಂಡು, ಮಧ್ಯಾಹ್ನದ ಬಸ್ಸಿಗೆ ಅವರು ಹಿಂದಿರುಗುತ್ತಾರೆ. ಮುಂದಿನ ತಿಂಗಳು ಅವರೂ ಬರದಿದ್ದರೆ ಆ ಮನೆ ಎಲ್ಲಿದೆ ಎಂದು ಗೊತ್ತಿರುವುದು ಬಹುಮಟ್ಟಿಗೆ ಊರಿನ ಆಶಾ ಕಾರ್ಯಕರ್ತೆಗೆ. ಬಾಣಂತಿ, ಲಸಿಕೆ, ಕ್ಷಯ, ಡೆಂಗಿ ಇವುಗಳ ಪಟ್ಟಿ ಆಗಲೇ ಅವಳ ಚೀಲದಲ್ಲಿರುತ್ತದೆ.